ತಿರುಗಿ ನೋಡಿದ್ದಕ್ಕೊಂದು ತುಂಡು

ಕಾರು ಕಲಿಸುವ ಶಾಲೆಯಲ್ಲಿ ಅವಳಿಗೆ ಬ್ರೇಕ್ ಮೇಡಂ ಎಂದೇ ಹೆಸರು ಬಿದ್ದಿತ್ತು. ಇಟ್ಟವರು ಯಾರೋ ಗೊತ್ತಿಲ್ಲ, ಒಪ್ಪದವರು ಮಾತ್ರ ಯಾರೂ ಇರಲಿಲ್ಲ. ಕಲಿಯುವವರ ಪಕ್ಕದ ಸೀಟಿನಲ್ಲಿ, ಅವಳ ಕಾಲಡಿಗೂ ಒಂದು ಬ್ರೇಕ್ ಇತ್ತು. ಅದರ ರಬ್ಬರು ಕಲಿಯುವವರ ಬ್ರೇಕಿನ ರಬ್ಬರಿಗಿಂತ ಬೇಗ ಸವೆಯುತ್ತಿತ್ತು. ಎದುರಿನ ಗಾಡಿ ಇನ್ನೂ ಬೀದಿಯ ಆ ತುದಿಯಲ್ಲಿರುವಾಗಲೇ ಅವಳ ಕಾಲು ಒತ್ತಿಬಿಡುತ್ತಿತ್ತು, ಹಿಂದೆಯೇ ಬಾಯಿ ಶುರುವಾಗುತ್ತಿತ್ತು. "ಕನ್ನಡಿ ನೋಡಿದ್ರಾ? ಇಲ್ಲ. ಕ್ಲಚ್ ಪೂರ್ತಿ ಒತ್ತಿದ್ರಾ? ಇಲ್ಲ. ಮತ್ತೇನ್ ಮಾಡ್ತಿದ್ರಿ ಅಲ್ಲಿ ಕೂತ್ಕೊಂಡು?" ಹಾಗೆಂದು ಅವಳು ಕೆಟ್ಟವಳೇನಲ್ಲ. ತನ್ನ ಕೈಯಲ್ಲಿ ಕಲಿತವರಿಂದ ಯಾರಿಗೂ ಒಂದು ಗೀರೂ ಬೀಳಬಾರದು ಎಂಬುದೊಂದೇ ಅವಳ ಚಿಂತೆ. ತಪ್ಪು ಕಂಡಲ್ಲಿ ಹಿಡಿದರೆ ತಾನೇ ಸರಿ ಕಲಿಯುವುದು?

ಅವಳ ಗಂಡ ಲಿಫ್ಟ್ ಮೆಕ್ಯಾನಿಕ್. ಒಂದು ಸಂಜೆ ಅವನು ಕೆಲಸದ ಚೀಲದ ಜೊತೆಗೆ ಒಂದು ನಾಯಿಯನ್ನೂ ಎತ್ತಿಕೊಂಡು ಬಂದ. ಮೂತಿಯಿಂದ ಬಾಲದವರೆಗೆ ಬಿಳುಪು, ಒಂದು ಕಣ್ಣಿನ ಸುತ್ತ ಮಾತ್ರ ಮಸಿ ಮೆತ್ತಿದಂತೆ ಕಪ್ಪು. ಹಳೆಯ ಆಫೀಸು ಕಟ್ಟಡವೊಂದರ ನೆಲಮಾಳಿಗೆಯಲ್ಲಿ, ಲಿಫ್ಟಿನ ಮೋಟಾರಿನ ಪಕ್ಕದಲ್ಲೇ ಮಲಗಿತ್ತಂತೆ.

"ಎಂಥಾ ಗುಂಡಿಗೆ ನೋಡು ಇದಕ್ಕೆ!" ಎಂದ. "ಆ ಮೋಟಾರು ಶುರುವಾದ್ರೆ ನನ್ನ ಕಿವೀನೇ ಗುಂಯ್ ಅನ್ನುತ್ತೆ. ಇದು ಗೊರಕೆ ಹೊಡೀತಾ ಬಿದ್ದಿತ್ತು."

"ಗುಂಡಿಗೆ ಇರೋದು ನಿಮಗೆ. ನನ್ನ ಕೇಳದೇ ತಂದಿದ್ದೀರಲ್ಲ," ಎಂದಳು ಅವಳು. ಆದರೆ ನಾಯಿ ಅಷ್ಟರಲ್ಲಿ ಅವಳ ಪಾದದ ಮೇಲೆ ಗದ್ದವಿಟ್ಟು ಕಣ್ಣು ಮುಚ್ಚಿತ್ತು. ಕಾಲು ಎಳೆದುಕೊಳ್ಳಲು ಅವಳಿಗೆ ಮನಸ್ಸು ಬರಲಿಲ್ಲ. ಬಣ್ಣ ನೋಡಿ ಅದಕ್ಕೆ ಸುಣ್ಣ ಎಂದು ಹೆಸರಿಟ್ಟರು.

ಹೆಸರಿಟ್ಟದ್ದೇ ಬಂತು. ಕರೆದರೆ ಸುಣ್ಣ ಬರುತ್ತಿರಲಿಲ್ಲ. ಮೆಲ್ಲಗೆ ಕರೆದಳು, ಮುದ್ದಿನಿಂದ ಕರೆದಳು, ಕೊನೆಗೆ ಕಾರಿನಲ್ಲಿ ಕೂಗುವ ಗಂಟಲಿನಲ್ಲೇ ಕೂಗಿದಳು. ಪಕ್ಕದ ಮನೆಯವರು ಕಿಟಕಿ ತೆರೆದು ನೋಡಿದರೇ ಹೊರತು ಸುಣ್ಣ ಕಿವಿ ಸಹ ಅಲ್ಲಾಡಿಸಲಿಲ್ಲ. ಆಗ ಅವಳು ಮೂಲೆಯ ಪಾರ್ಕಿನಲ್ಲಿ ನಾಯಿಗಳಿಗೆ ಪಾಠ ಹೇಳುವವನ ಬಳಿ ಹೋದಳು. ಸಣಕಲು ಮನುಷ್ಯ, ಸೊಂಟಕ್ಕೆ ಕಟ್ಟಿದ ಚೀಲದಿಂದ ಸದಾ ಬೇಯಿಸಿದ ಕೋಳಿಯ ವಾಸನೆ. ಆ ಭಾಗದವರೆಲ್ಲ ಅವನನ್ನು ನಾಯಿ ಮೇಷ್ಟ್ರು ಎನ್ನುತ್ತಿದ್ದರು.

ಮೇಷ್ಟ್ರು ಅವಳ ಕೈಗೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟ. ಹೆಬ್ಬೆರಳಿನಿಂದ ಒತ್ತಿದರೆ ಟಿಕ್ ಎನ್ನುತ್ತಿತ್ತು.

"ನಾಯಿ ಕೂತ ಕ್ಷಣಕ್ಕೇ ಟಿಕ್. ಆಮೇಲೆ ಒಂದು ತುಂಡು. ಟಿಕ್ ಅಂದ್ರೆ 'ಇದೇ, ಇದಕ್ಕೇ' ಅಂತ. ತುಂಡು ಕೊಡೋದು ಒಂಚೂರು ತಡ ಆದ್ರೂ ಪರವಾಗಿಲ್ಲ, ಟಿಕ್ ತಡ ಆಗಬಾರದು."

"ತಪ್ಪು ಮಾಡಿದ್ರೆ?"

"ಏನೂ ಇಲ್ಲ. ತುಂಡು ಸಿಗಲ್ಲ, ಅಷ್ಟೇ."

"ಬೈಯೋದೂ ಇಲ್ವಾ?"

"ಬೈದ್ರೆ ಏನು ಮಾಡಬಾರದು ಅಂತ ಗೊತ್ತಾಗಬಹುದು ಮೇಡಂ. ಏನು ಮಾಡಬೇಕು ಅಂತ ಹೇಗೆ ಗೊತ್ತಾಗುತ್ತೆ?"

ಈ ಮಾತು ಅವಳ ತಲೆಯೊಳಗೆ ಹುಳ ಬಿಟ್ಟಿತು. ಮಾರನೆಯ ದಿನ ಕಾರಿನಲ್ಲಿ ಕೂತಾಗಲೂ ಅದೇ ಯೋಚನೆ. ಆಗ ಅವಳ ಬಳಿ ಕಲಿಯುತ್ತಿದ್ದವರಲ್ಲಿ ಬೇಕರಿಯವರು ಒಬ್ಬರು. ಐವತ್ತು ದಾಟಿದ ದಢೂತಿ ಮನುಷ್ಯ, ಸ್ಟಿಯರಿಂಗನ್ನು ಬಿಸಿ ತಟ್ಟೆ ಹಿಡಿದಂತೆ ಹಿಡಿಯುತ್ತಿದ್ದರು. ಅವರು ಗೇರು ತಪ್ಪಿಸಿದಾಗ ಎಂದಿನಂತೆ ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು. ಬೇಕರಿಯವರು ಗಾಬರಿಯಾದರು. "ಮೇಡಂ, ಹುಷಾರಾಗಿದ್ದೀರಿ ತಾನೇ?"

ಮನೆಯಲ್ಲಿ ಪಾಠ ಶುರುವಾಯಿತು. ನಡುಮನೆಯ ನೆಲದ ಮೇಲೆ ಕೂತು, ಸೊಂಟದ ಬಲಕ್ಕೆ ತುಂಡುಗಳ ಚೀಲ ಕಟ್ಟಿಕೊಂಡು, ಎಡಗೈಯಲ್ಲಿ ಡಬ್ಬಿ ಹಿಡಿದು ಕಾದಳು. ಸುಣ್ಣ ಕೂತಿತು. ಟಿಕ್, ತುಂಡು. ಮತ್ತೆ ಕೂತಿತು. ಟಿಕ್, ತುಂಡು. ನಾಯಿ ಬಲು ಚುರುಕು, ಕಲಿತೇಬಿಟ್ಟಿತು ಎಂದು ಅವಳು ಹಿಗ್ಗಿಹೋದಳು. ಆದರೆ ಬರಬರುತ್ತಾ ಏನೋ ಒಂದು ತಾಳ ತಪ್ಪುತ್ತಿರುವುದು ಕಣ್ಣಿಗೆ ಬಿತ್ತು. ಟಿಕ್ ಎಂದಾಗ ಸುಣ್ಣನ ಮುಖದಲ್ಲಿ ಏನೂ ಬದಲಾಗುತ್ತಿರಲಿಲ್ಲ. ಅವಳ ಬಲಗೈ ಚೀಲದ ಕಡೆಗೆ ಇಳಿದಾಗ ಮಾತ್ರ ಬಾಲ ಅಲ್ಲಾಡುತ್ತಿತ್ತು.

ಯಾಕಿರಬಹುದು? ಅವಳು ಚೀಲವನ್ನು ಎಡಕ್ಕೆ ಕಟ್ಟಿಕೊಂಡಳು. ಸುಣ್ಣ ಕೂತಿತು, ಡಬ್ಬಿ ಟಿಕ್ ಎಂದಿತು, ಸುಣ್ಣ ಅವಳ ಖಾಲಿ ಬಲಗೈಯನ್ನೇ ಪೆಚ್ಚಾಗಿ ನೋಡುತ್ತಾ ಉಳಿಯಿತು. ಬಾಗಿಲ ಮರೆಯಲ್ಲಿ ನಿಂತು ಟಿಕ್ ಅನ್ನಿಸಿದಳು. ಗೋಡೆಗೆ ಹೇಳಿದ ಹಾಗಾಯಿತು. ಅವಳಿಗೆ ಕೋಪ ಬರಬೇಕಿತ್ತು, ಬಂದದ್ದು ಕುತೂಹಲ. ಕೆಲಸದಿಂದ ಬಂದವಳು ಚಪ್ಪಲಿ ಬಿಟ್ಟ ಕೂಡಲೇ ನೆಲಕ್ಕೆ ಕೂರುವುದು ಅಭ್ಯಾಸವಾಯಿತು. ನಾಯಿ ಮೇಷ್ಟ್ರನ್ನು ಕೇಳಿದರೆ ಅವನು, "ಹಠಮಾರಿ ಇರಬೇಕು. ಇನ್ನೂ ರುಚಿಯಾದ್ದು ಕೊಟ್ಟು ನೋಡಿ," ಎಂದ. ಕೋಳಿ ಹೋಗಿ ಚೀಸ್ ಬಂತು. ಸುಣ್ಣ ದಪ್ಪಗಾಯಿತು, ಅಷ್ಟೇ.

ಇದನ್ನೆಲ್ಲ ಕಿಟಕಿಯ ಪಕ್ಕದ ಕುರ್ಚಿಯಿಂದ ನೋಡುತ್ತಿದ್ದವರು ಅವಳ ಅತ್ತೆ. ಹಿಂದೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ದನಿ ಕೇಳಿಯೇ ಇಂಥವರು ಎಂದು ಹೇಳುತ್ತಿದ್ದರಂತೆ. ಈಗ ಮಾತು ಕಡಿಮೆ. ಒಂದು ಕೇಳಿದರೆ ಇನ್ನೊಂದು ಹೇಳುವುದು ಮನೆಯಲ್ಲಿ ಹಳೆಯ ತಮಾಷೆಯಾಗಿತ್ತು. "ಅತ್ತೆ, ಗ್ಯಾಸ್ ಆರಿಸಿದ್ರಾ?" ಎಂದರೆ "ನಾಳೆ ಬರ್ತೀನಿ ಅಂದಿದ್ದಾನೆ" ಎನ್ನುತ್ತಿದ್ದರು. ಮಗ ನಗುತ್ತಿದ್ದ. ಸೊಸೆಗೆ ಮಾತ್ರ ಒಳಗೊಳಗೇ ಚುರುಕ್ ಎನ್ನುತ್ತಿತ್ತು. ತಾನು ಅಡುಗೆಮನೆಯಿಂದ ಹೇಳಿದ ಎಷ್ಟೋ ಮಾತಿಗೆ ಅತ್ತೆ ಉತ್ತರವನ್ನೇ ಕೊಟ್ಟಿರಲಿಲ್ಲ. ಬೇಕೆಂತಲೇ ಹಾಗೆ ಮಾಡುತ್ತಾರೆ, ಸೊಸೆಯ ಮಾತೆಂದರೆ ಅಷ್ಟು ಸಸಾರ ಎಂದುಕೊಂಡು ಎಷ್ಟು ಸಲ ಪಾತ್ರೆ ಕುಕ್ಕಿದ್ದಳೋ.

ಅಂದು ಸುಣ್ಣ ಬೆನ್ನು ಹಾಕಿ ಮಲಗಿತ್ತು, ಅವಳು ಹಿಂದಿನಿಂದ ಟಿಕ್ ಟಿಕ್ ಎಂದು ಒತ್ತುತ್ತಲೇ ಇದ್ದಳು. ಅತ್ತೆ ಅವಳ ಹೆಬ್ಬೆರಳು ಏಳುವುದನ್ನೂ ಬೀಳುವುದನ್ನೂ ಸ್ವಲ್ಪ ಹೊತ್ತು ನೋಡಿದರು.

"ಸುಮ್ನೆ ಬೆರಳು ಯಾಕೆ ನೋಯಿಸ್ಕೋತೀಯಾ. ಅದಕ್ಕೆ ಕಿವಿ ಕೇಳಲ್ಲ ಕಣೇ."

ಅವಳು ತಲೆ ಎತ್ತಿದಳು. "ಏನಂದ್ರಿ?"

"ಮಲಗೋದು ನೋಡು. ಗದ್ದ ನೆಲಕ್ಕೆ ಒತ್ತಿರುತ್ತೆ, ಯಾರಾದ್ರೂ ನಡೆದು ಬಂದ್ರೆ ನೆಲ ಅದುರೋದು ಗೊತ್ತಾಗಲಿ ಅಂತ. ಎದ್ದ ತಕ್ಷಣ ಎಲ್ಲರ ಮುಖ ನೋಡುತ್ತೆ. ನಾವು ಬಾಗಿಲ ಕಡೆ ನೋಡಿದ್ರೆ ಅದೂ ಬಾಗಿಲ ಕಡೆ ನೋಡುತ್ತೆ. ಕಿವಿ ಇರೋರು ಹಾಗೆ ಮಾಡಲ್ಲ."

ಸಂಜೆ ಗಂಡ ಬಂದಾಗ ಅವಳು ವಿಷಯ ಹೇಳಿದಳು. ಅವನು ನಂಬಲಿಲ್ಲ. "ಪರೀಕ್ಷೆ ಮಾಡಿಬಿಡೋಣ," ಎಂದು ಅಡುಗೆಮನೆಯಿಂದ ದೊಡ್ಡ ತಟ್ಟೆಯನ್ನೂ ಸೌಟನ್ನೂ ತಂದ. ಸುಣ್ಣ ಕಿಟಕಿಯ ಕೆಳಗಿನ ಕಟ್ಟೆಗೆ ಮುಂಗಾಲಿಟ್ಟು ಬೀದಿ ನೋಡುತ್ತಿತ್ತು. ಅದರ ಪಕ್ಕದಲ್ಲೇ ಅತ್ತೆ, ಅವರೂ ಬೀದಿ ನೋಡುತ್ತಿದ್ದರು. ಗಂಡ ಸದ್ದಾಗದಂತೆ ಹಿಂದೆ ಹೋಗಿ ನಿಂತು ಸೌಟಿನಿಂದ ತಟ್ಟೆಗೆ ಬಾರಿಸಿದ. ಮೇಲಿನ ಮನೆಯ ಮಗು ಬೆಚ್ಚಿ ಅಳತೊಡಗಿತು.

ನಾಯಿ ತಿರುಗಲಿಲ್ಲ.

ಅತ್ತೆಯೂ ತಿರುಗಲಿಲ್ಲ.

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವನ ತುಟಿ "ಅಮ್ಮ" ಎನ್ನಲು ಹೊರಟಿತು. ಅವಳು ಬೇಡ ಎಂದು ಕೈ ಅಲ್ಲಾಡಿಸಿ, ತಟ್ಟೆಯನ್ನು ಅವನ ಕೈಯಿಂದ ಕಿತ್ತುಕೊಂಡು ಅಡುಗೆಮನೆಗೆ ಹೋದಳು. ಅಲ್ಲಿ ಸಿಂಕಿನ ಮುಂದೆ ನಿಂತು ತಾನು ಕುಕ್ಕಿದ ಪಾತ್ರೆಗಳನ್ನೆಲ್ಲ ನೆನೆದಳು. ಆ ಸಿಟ್ಟಿನಲ್ಲಿ ಒಂದು ಚೂರೂ ಅತ್ತೆಗೆ ತಲುಪಿರಲಿಲ್ಲ. ನಗು ಬರಬೇಕೋ ಅಳು ಬರಬೇಕೋ ತಿಳಿಯಲಿಲ್ಲ.

ನಾಯಿ ಮೇಷ್ಟ್ರು ವಿಷಯ ಕೇಳಿ ತಲೆ ಕೆರೆದುಕೊಂಡ. "ಅಯ್ಯೋ, ಪಾಪದ ಪ್ರಾಣೀನ ಹಠಮಾರಿ ಅಂದುಬಿಟ್ಟೆ. ಕಿವುಡು ನಾಯಿಗೆ ನಾನೂ ಕಲಿಸಿಲ್ಲ ಮೇಡಂ. ಬನ್ನಿ, ಸೇರಿ ನೋಡೋಣ. ಟಿಕ್ ಬದಲು ಕಣ್ಣಿಗೆ ಕಾಣೋದು ಏನಾದ್ರೂ ಬೇಕು."

ಮೇಷ್ಟ್ರು ಮನೆಗೇ ಬಂದ. ಮೊದಲು ಟಾರ್ಚ್ ಬೆಳಕು ಬಿಟ್ಟು ನೋಡಿದರು. ಸುಣ್ಣ ಪಾಠ ಬಿಟ್ಟು ಗೋಡೆಯ ಮೇಲಿನ ಬೆಳಕನ್ನೇ ಅಟ್ಟಿಸಿಕೊಂಡು ಹೋಗಿ ಹೂಕುಂಡ ಬೀಳಿಸಿತು. ಆಮೇಲೆ ತಲೆಯಾಡಿಸುವುದನ್ನೇ ಸನ್ನೆ ಮಾಡಿಕೊಂಡರು. ಮೇಷ್ಟ್ರು ತಲೆಯಾಡಿಸಿದರೆ, ತಾನು ಮಾಡಿದ್ದು ಸರಿಯೋ, ಮನುಷ್ಯ ಸುಮ್ಮನೆ ತಲೆಯಾಡಿಸಿದನೋ ಅದಕ್ಕೆ ತಿಳಿಯದು. ಆಗ ಅತ್ತೆ ಕುರ್ಚಿಯಿಂದಲೇ ಮುಷ್ಟಿ ಕಟ್ಟಿದ ಕೈಯನ್ನು ಮುಂದೆ ಚಾಚಿ, ಐದೂ ಬೆರಳನ್ನು ಮೊಗ್ಗು ಬಿರಿದಂತೆ ಒಮ್ಮೆಗೇ ಅರಳಿಸಿದರು.

"ಹೀಗೆ ಮಾಡಿ. ಬೇರೆ ಯಾವ ಹೊತ್ತಿಗೂ ಯಾರೂ ಹೀಗೆ ಕೈ ಮಾಡಲ್ಲ."

ಮೇಷ್ಟ್ರು ಅತ್ತೆಯನ್ನೇ ನೋಡಿದ. "ಅಮ್ಮ, ನೀವೇ ಕಲಿಸಿಬಿಡಿ ಅತ್ಲಾಗೆ."

ಹಾಗೆ ಅತ್ತೆ ಪಾಠಕ್ಕೆ ಕೂತರು. ಅವರ ಕಣ್ಣು ಎಷ್ಟು ಚುರುಕೆಂದರೆ, ಸುಣ್ಣ ಕೂರಲು ಮನಸ್ಸು ಮಾಡಿ ಹಿಂಗಾಲು ಸಡಿಲಿಸುವುದು ಅವರಿಗೆ ಮೊದಲೇ ಕಾಣುತ್ತಿತ್ತು. ಪೃಷ್ಠ ನೆಲಕ್ಕೆ ತಾಗುವ ಹೊತ್ತಿಗೆ ಸರಿಯಾಗಿ ಬೆರಳು ಅರಳುತ್ತಿತ್ತು. ಸೊಸೆಯ ಟಿಕ್ ಯಾವತ್ತೂ ಅಷ್ಟು ಕರಾರುವಾಕ್ಕಾಗಿ ಬಿದ್ದಿರಲಿಲ್ಲ. ಬೆರಳು ಅರಳಿದ ಕೂಡಲೇ ಸುಣ್ಣನ ಇಡೀ ಮೈ ನಕ್ಕಂತಾಗುತ್ತಿತ್ತು. ಕೂರು, ಮಲಗು, ಬಾ, ನಿಲ್ಲು, ಒಂದೊಂದಕ್ಕೂ ಒಂದೊಂದು ಕೈಸನ್ನೆ ಹುಟ್ಟಿತು.

"ಎಲ್ಲಾ ಸರಿ. ಅದು ನಮ್ಮನ್ನ ನೋಡದೇ ಇದ್ದಾಗ ಏನು ಮಾಡೋದು?" ಎಂದು ಸೊಸೆ ಕೇಳಿದಳು. ಈಗೀಗ ಅತ್ತೆಯ ಎದುರಿಗೆ ಬಂದು, ಮುಖ ಕಾಣುವಂತೆ ನಿಂತೇ ಕೇಳುತ್ತಿದ್ದಳು.

ಅದಕ್ಕೆ ದಾರಿ ಹೇಳಿದವನು ಮೇಷ್ಟ್ರು. "ನೋಡೋದನ್ನೇ ಕಲಿಸಿ. ನೀವು ಏನೂ ಹೇಳಬೇಡಿ, ಏನೂ ಮಾಡಬೇಡಿ. ಅದಾಗಿ ಅದು ತಿರುಗಿ ನೋಡಿದಾಗೆಲ್ಲ ಒಂದು ತುಂಡು."

ಅಂದಿನಿಂದ ಮನೆಯಲ್ಲಿ ಎಲ್ಲರ ಜೇಬಿನಲ್ಲೂ ತುಂಡುಗಳು. ಹಿತ್ತಲಿನಲ್ಲಿ ಸುಣ್ಣ ಮಣ್ಣು ಮೂಸುತ್ತಾ ಹೋಗುತ್ತದೆ, ಸುಮ್ಮನೆ ಒಮ್ಮೆ ತಿರುಗುತ್ತದೆ, ಬೆರಳು ಅರಳುತ್ತದೆ. ಪಾರ್ಕಿನಲ್ಲಿ ಬೆಕ್ಕು ಕಾಣುತ್ತದೆ, ಅದರ ಹಿಂದೆ ನಾಲ್ಕು ಹೆಜ್ಜೆ ಓಡಿ ತಿರುಗುತ್ತದೆ, ಎರಡು ತುಂಡು. ಗಂಡನ ಕೆಲಸದ ಪ್ಯಾಂಟನ್ನು ಒಗೆಯಲು ಹಾಕಿದರೆ ಚೀಸ್ ಕರಗಿ ಅಂಟಿಕೊಂಡಿರುತ್ತಿತ್ತು.

ಇಷ್ಟು ಚೆನ್ನಾಗಿ ಕೆಲಸ ಮಾಡುವುದನ್ನು ನಾಯಿಗಷ್ಟೇ ಯಾಕೆ ಇಡಬೇಕು ಎಂದು ಬ್ರೇಕ್ ಮೇಡಂಗೆ ಅನ್ನಿಸಿದ್ದು ಆಗಲೇ. ಕಿವಿಯ ವಿಷಯವನ್ನು ಅತ್ತೆಯ ಬಳಿ ನೇರವಾಗಿ ಕೇಳಲು ಅವಳಿಗೆ ಧೈರ್ಯವಿರಲಿಲ್ಲ. ಕೇಳಿಸದಿದ್ದಾಗ ಅತ್ತೆ ಸುಮ್ಮನೆ ತಲೆಯಾಡಿಸುತ್ತಿದ್ದರು, ಇಲ್ಲವೇ ಏನಾದರೊಂದು ಊಹಿಸಿ ಹೇಳುತ್ತಿದ್ದರು. ಅಪರೂಪಕ್ಕೊಮ್ಮೆ ಮಾತ್ರ "ಏನಂದೆ?" ಎನ್ನುತ್ತಿದ್ದರು. ಆ "ಏನಂದೆ" ಬಂದಾಗೆಲ್ಲ ಸೊಸೆ ಮುಖ ಅರಳಿಸಿಕೊಂಡು ಎದುರಿಗೆ ಬಂದು ನಿಧಾನವಾಗಿ ಮತ್ತೆ ಹೇಳುವಳು. ಹಿಂದೆಯೇ ಅತ್ತೆಗೆ ಇಷ್ಟವಾದ ಬಿಸಿ ಕಾಫಿ, ಎರಡು ಬೆಣ್ಣೆ ಬಿಸ್ಕತ್ತು. ಅಚ್ಚರಿಯೆಂದರೆ "ಏನಂದೆ" ಹೆಚ್ಚಾಗತೊಡಗಿತು. ಅವಳು ಒಳಗೇ ಬೀಗಿದಳು.

ಒಂದು ಮಧ್ಯಾಹ್ನ ಬಿಸ್ಕತ್ತಿನ ತಟ್ಟೆ ಇಟ್ಟಾಗ ಅತ್ತೆ ಅದನ್ನು ಮುಟ್ಟಲಿಲ್ಲ. ತಟ್ಟೆ ನೋಡಿದರು, ನಾಯಿಯನ್ನು ನೋಡಿದರು, ಸೊಸೆಯನ್ನು ನೋಡಿದರು.

"ನನಗೂ ತುಂಡು ಹಾಕ್ತಾ ಇದ್ದೀಯಾ?"

ಅವಳು ಮುಖ ತಗ್ಗಿಸಿದಳು. "ಇಲ್ಲ ಅತ್ತೆ, ಅದು..."

"ಮುಖ ತಗ್ಗಿಸಬೇಡ. ತಗ್ಗಿಸಿದ್ರೆ ನೀನು ಹೇಳೋದು ನನಗೆ ಕಾಣಲ್ಲ."

ಅವಳು ಮುಖ ಎತ್ತಿದಳು. ಅತ್ತೆಯ ಕಣ್ಣಿನಲ್ಲಿ ಸಿಟ್ಟಿತ್ತು, ಆದರೆ ಬರೀ ಸಿಟ್ಟಿರಲಿಲ್ಲ.

"ಯಾವಾಗ ಗೊತ್ತಾಯ್ತು?"

"ಅವರು ತಟ್ಟೆ ಬಾರಿಸಿದ ದಿನ."

"ತಟ್ಟೆ ಬಾರಿಸಿದ್ನಾ?" ಅತ್ತೆ ಕಿವಿಯ ಮೇಲೆ ಕೈಯಿಟ್ಟುಕೊಂಡರು. ಆಮೇಲೆ ಹೇಳಿದರು, "ಕಿವಿಯಿಂದ ಅನ್ನ ತಿಂದವಳು ಕಣೇ ನಾನು. ಎಕ್ಸ್‌ಚೇಂಜಿನಲ್ಲಿ ಎಲ್ಲರೂ ನನ್ನ ಕಿವಿ ಹೊಗಳೋರು. ಅದೇ ಹೋಯ್ತು ಅಂತ ಯಾವ ಬಾಯಲ್ಲಿ ಹೇಳಲಿ? ಮೊದಮೊದಲು ನೀವೇ ಮೆಲ್ಲಗೆ ಮಾತಾಡ್ತೀರಿ ಅಂದ್ಕೊಂಡೆ. ಗಂಡ ಹೆಂಡತಿ ನನಗೆ ಕೇಳಿಸಬಾರದು ಅಂತ ಪಿಸುಗುಡ್ತೀರಿ ಅಂತ."

"ನಾನು, ನೀವು ಬೇಕಂತಲೇ ಉತ್ತರ ಕೊಡಲ್ಲ ಅಂದ್ಕೊಂಡಿದ್ದೆ."

"ಚೆನ್ನಾಗಿದೆ ನಮ್ಮ ಸಂಸಾರ," ಎಂದರು ಅತ್ತೆ. ಇಬ್ಬರಿಗೂ ನಗು ಬಂತು. ನಗುತ್ತಾ ಸೊಸೆಯ ಕಣ್ಣು ಒದ್ದೆಯಾಯಿತು. ಅತ್ತೆ ಒಂದು ಬಿಸ್ಕತ್ತು ಎತ್ತಿಕೊಂಡು, ಅದನ್ನೇ ಅವಳ ಕಡೆ ತೋರಿಸಿ ಹೇಳಿದರು: "ಒಂದು ಮಾತು ನೆನಪಿಟ್ಕೋ. ನಾಯಿಗೆ ಹೇಳಿ ಮಾಡೋಕೆ ಆಗಲ್ಲ, ಹೇಳದೇ ಮಾಡು. ನನಗೆ ಮಾಡೋದಿದ್ರೆ ಹೇಳಿ ಮಾಡು."

"ಆಯ್ತು ಅತ್ತೆ."

"ಕಾಫಿ ಮಾತ್ರ ನಿಲ್ಲಿಸಬೇಡ."

ಅದಾಗಿ ಕೆಲವು ವಾರಗಳಿಗೆ ಬೀದಿಯಲ್ಲಿ ಒಂದು ಪ್ರಸಂಗ ನಡೆಯಿತು. ಬೇಕರಿಯವರ ಪಾಠದ ಹೊತ್ತು. ಗಾಡಿಗಳ ಓಡಾಟವಿದ್ದ ದೊಡ್ಡ ರಸ್ತೆ ಮುಗಿಸಿ ಅವರು ಬ್ರೇಕ್ ಮೇಡಂನ ಮನೆಯ ಬೀದಿಗೆ ತಿರುಗಿಸಿದರು. ಅವಳು ಎಡಗಡೆಯ ಕನ್ನಡಿ ನೋಡುತ್ತಿದ್ದಳು. ಕಾರು ಗಕ್ಕನೆ ನಿಂತಿತು. ಒತ್ತಿದ್ದು ಅವಳ ಕಾಲಲ್ಲ. ಅವಳ ಕಾಲು ಇನ್ನೂ ಚಾಪೆಯ ಮೇಲೇ ಇತ್ತು. ಮುಂದೆ, ರಸ್ತೆಯ ನಟ್ಟನಡುವೆ ಸುಣ್ಣ ನಿಂತಿತ್ತು. ಗಂಡ ಕೆಲಸಕ್ಕೆ ಹೊರಡುವ ಆತುರದಲ್ಲಿ ಗೇಟಿನ ಚಿಲಕ ಹಾಕಿರಲಿಲ್ಲ. ಅವರಿಗೆ ಬೆನ್ನು ಹಾಕಿ, ಬಿದ್ದಿದ್ದ ಯಾವುದೋ ಕಾಗದ ಮೂಸುವುದರಲ್ಲಿ ಅದು ಮುಳುಗಿಹೋಗಿತ್ತು.

ಬೇಕರಿಯವರು ಹಾರ್ನ್ ಒತ್ತಿದರು. ಹಿಂದೆ ಬಂದ ವ್ಯಾನಿನವನೂ ಒತ್ತಿದ. ಅದರ ಹಿಂದಿನವರೂ ಶುರು ಮಾಡಿದರು. ಎದುರಿನಿಂದ ಒಂದು ಬೈಕು ಜೋರಾಗಿಯೇ ಬರುತ್ತಿತ್ತು. ಅವಳು ಬಾಗಿಲು ತೆರೆಯಲು ಕೈ ಹಾಕಿದವಳು ತಡೆದಳು. ಹಿಂದಿನಿಂದ ಓಡಿಹೋಗಿ ಹಿಡಿದರೆ ನಾಯಿ ಬೆಚ್ಚಿ ಯಾವ ಕಡೆಗೆ ಹಾರುವುದೋ ಹೇಳಲಾಗದು.

ಆಗ ಗೇಟಿನಲ್ಲಿ ಅತ್ತೆ ಕಂಡರು.

ಅತ್ತೆ ಕೂಗಲಿಲ್ಲ, ಓಡಲಿಲ್ಲ. ಬೀದಿಯ ಹಾರ್ನುಗಳೆಲ್ಲ ಒಂದೇ ಸಮನೆ ಕಿರುಚುತ್ತಿದ್ದರೂ ಅವರ ಮುಖ ಕೊಳದ ನೀರಿನಂತೆ ಶಾಂತವಾಗಿತ್ತು. ಎದುರಿನ ಬೈಕಿನವನಿಗೆ ನಿಲ್ಲು ಎಂದು ಒಂದು ಕೈ ಎತ್ತಿ, ಸುಣ್ಣನ ಮೇಲೆ ಕಣ್ಣಿಟ್ಟು ಸುಮ್ಮನೆ ಕಾದರು. ಸುಣ್ಣ ಕಾಗದವನ್ನು ಕೊನೆಯದಾಗಿ ಒಮ್ಮೆ ಮೂಸಿತು. ಆಮೇಲೆ, ಯಾರೂ ಹೇಳದೆ, ಹಿತ್ತಲಿನಲ್ಲಿ ಮಾಡುತ್ತಿದ್ದ ಹಾಗೆಯೇ ತಲೆ ಎತ್ತಿ ತಿರುಗಿ ನೋಡಿತು. ಅತ್ತೆಯ ಐದೂ ಬೆರಳು ಅರಳಿದವು. ಮರುಕ್ಷಣ, ಬಾ ಎನ್ನುವ ಸನ್ನೆಗೆ, ಎರಡೂ ತೋಳು ಅಗಲಕ್ಕೆ ಚಾಚಿಕೊಂಡವು. ಸುಣ್ಣ ಬಾಣದಂತೆ ಓಡಿ ಗೇಟಿನೊಳಗೆ ಹೋಯಿತು.

ಕಾರಿನೊಳಗೆ ಬೇಕರಿಯವರು ಎರಡೂ ಕೈಯಲ್ಲಿ ಸ್ಟಿಯರಿಂಗ್ ಬಿಗಿಹಿಡಿದು ಕೂತಿದ್ದರು. ಈಗ ಬೈಗುಳ ಬರುತ್ತದೆ ಎಂದು ಕುತ್ತಿಗೆ ಒಳಕ್ಕೆ ಎಳೆದುಕೊಂಡಿದ್ದರು.

"ನೀವೇ ಹಿಡಿದ್ರಿ," ಎಂದಳು ಅವಳು. "ನನಗಿಂತ ಮೊದಲು ನೀವು ನೋಡಿದ್ರಿ, ನೀವೇ ಬ್ರೇಕ್ ಹಿಡಿದ್ರಿ. ಹಾಗೇ ಹಿಡೀಬೇಕು. ಅಷ್ಟೇ ಸರಿಯಾಗಿ."

ಬೇಕರಿಯವರು ಅವಳನ್ನೇ ನೋಡಿದರು. ನಿಧಾನವಾಗಿ ಅವರ ಬೆರಳುಗಳು ಸ್ಟಿಯರಿಂಗಿನ ಮೇಲೆ ಸಡಿಲವಾದವು. ಅವತ್ತು ಉಳಿದ ದಾರಿಯಲ್ಲಿ ಅವರು ಗೇರು ಒಮ್ಮೆಯೂ ತಪ್ಪಿಸಲಿಲ್ಲ. ಯಾಕೆಂದು ಅವಳು ಅಂದು ರಾತ್ರಿಯವರೆಗೂ ಯೋಚಿಸಿದಳು.

ಕಿವಿ ಡಾಕ್ಟರ ಹತ್ತಿರ ಹೋಗುವ ಮಾತನ್ನು ಎತ್ತಿದವರು ಅತ್ತೆಯೇ. "ಬೀದಿಯಲ್ಲಿ ಅಷ್ಟು ಹಾರ್ನ್ ಹೊಡೆದ್ರಂತಲ್ಲ. ನಾಳೆ ನಾನೇ ರಸ್ತೆ ನಡುವೆ ನಿಂತಿದ್ರೆ?" ಎಂದರು. ಮಗ ಹೊರಟು ನಿಂತರೆ ಬೇಡವೆಂದು ಸೊಸೆಯನ್ನು ಕರೆದುಕೊಂಡು ಹೋದರು. "ನೀನು ಬಾ. ಡಾಕ್ಟರು ನಿನ್ನ ಕೇಳಿದ್ರೂ ನೀನು ಉತ್ತರ ಹೇಳಬೇಡ, ನನಗೇ ತಿರುಗಿಸು."

ಕಿವಿಗೆ ಯಂತ್ರ ಬಂತು. ಮೊದಲ ದಿನ ಅತ್ತೆ ಮನೆಯಿಡೀ ಓಡಾಡಿ ಒಂದೊಂದರ ಮುಂದೆಯೂ ನಿಂತು ಕೇಳಿಸಿಕೊಂಡರು: ನಲ್ಲಿ, ಫ್ರಿಜ್, ಚಪ್ಪಲಿ, ಮಗನ ಕೆಮ್ಮು. "ಇಷ್ಟೊಂದು ಗಲಾಟೆ ಮಾಡ್ಕೊಂಡು ಬದುಕ್ತಿದ್ರಾ ನೀವೆಲ್ಲ?" ಎಂದು ಬೈದರು. ಹಿಂಸೆಯಾದಾಗ ಕಳಚಿ ಡಬ್ಬಿಯಲ್ಲಿಡುತ್ತಿದ್ದರು. ಸುಣ್ಣನ ಪಾಠದ ಹೊತ್ತಿಗಂತೂ ಕಳಚಿಯೇ ಕೂರುತ್ತಿದ್ದರು. ಕಿವಿ ತೆರೆದಿದ್ದರೆ ಕಣ್ಣು ಸೋಮಾರಿಯಾಗುತ್ತದೆ ಎಂಬುದು ಅವರ ವಾದ. ನಾಯಿ ಮೇಷ್ಟ್ರು ಅದನ್ನು ಪರೀಕ್ಷಿಸಿ ನೋಡಬೇಕೆಂದು ತಾನೂ ಕಿವಿಗೆ ಹತ್ತಿ ತುರುಕಿಕೊಂಡು ಕಲಿಸತೊಡಗಿದ್ದ.

ರಜೆಯ ಒಂದು ಮಧ್ಯಾಹ್ನ. ಸುಣ್ಣ ನಡುಮನೆಯಲ್ಲಿ ಕಾಲು ಚಾಚಿ ನಿದ್ದೆ ಮಾಡುತ್ತಿತ್ತು. ಸೊಸೆ ಕುರ್ಚಿಯಲ್ಲಿ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದಳು. ಯಂತ್ರ ಹಾಕಿಕೊಂಡಿದ್ದ ಅತ್ತೆ ಇದ್ದಕ್ಕಿದ್ದಂತೆ, ತಡೆ ಎಂದು ಅವಳ ಕೈ ಹಿಡಿದರು.

"ಆ ಸದ್ದೇನದು?"

ಅವಳು ಕಿವಿಗೊಟ್ಟಳು. ನಾಯಿಯ ಗಂಟಲಿನಿಂದ ಸಣ್ಣಗೆ, ಬಾಗಿಲ ತಿರುಗಣಿ ಕಿರುಗುಟ್ಟಿದಂತೆ, ಏರಿ ಇಳಿಯುವ ಒಂದು ದನಿ ಬರುತ್ತಿತ್ತು. ಮುಂಗಾಲಿನ ಬೆರಳುಗಳು ಓಡುತ್ತಿರುವ ಹಾಗೆ ಮಿಡಿಯುತ್ತಿದ್ದವು.

"ಸುಣ್ಣ ಅತ್ತೆ. ಕನಸು ಬಿದ್ದಾಗ ಹೀಗೇ ಮಾಡುತ್ತೆ. ಬಂದ ದಿನದಿಂದಲೂ."

ಅತ್ತೆ ಮೆಲ್ಲಗೆ ಕುರ್ಚಿಯಿಂದಿಳಿದು ಅದರ ಪಕ್ಕ ನೆಲಕ್ಕೆ ಕೂತರು. ಬೆಚ್ಚಿ ಎಚ್ಚರವಾದೀತೆಂದು ಮುಟ್ಟಲಿಲ್ಲ. ಬಹಳ ಹೊತ್ತು ಕೇಳಿದರು.

"ಇದರ ದನಿ ಹೀಗಿದೆ ಅಂತ ಇದಕ್ಕೇ ಗೊತ್ತಿಲ್ಲ, ಅಲ್ವೇನೇ?" ಎಂದರು. ಆಮೇಲೆ, "ಕನಸಲ್ಲಿ ಕೇಳಿಸುತ್ತೇನೋ?"

ಸೊಸೆಯೂ ಉಗುರುಕತ್ತರಿ ಬದಿಗಿಟ್ಟು, ನೆಲ ಅದುರದ ಹಾಗೆ ಬಂದು ಆ ಕಡೆ ಕೂತಳು.